ಸ್ಪಷ್ಟನೆ: ಅರೂಸ್ಟುಕ್‌ನಲ್ಲಿ ದುಡ್ಡಿಲ್ಲದೆ ಬದುಕಬಹುದು ಅನ್ನುವ ಮಾತು

‘ಅಮೆರಿಕದ ಮೇನ್ ರಾಜ್ಯದ ಅರೂಸ್ಟುಕ್ ಕೌಂಟಿಯಲ್ಲಿ ಐದು ಎಕರೆ ಕೊಂಡರೆ ಸಾಕು, ಆಮೇಲೆ ದುಡ್ಡೇ ಬೇಡ’ ಅನ್ನುವ ಮೆಸೇಜ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

ಜಮೀನು ಅಗ್ಗವೇ. ಆಲೂಗಡ್ಡೆಯಂತೂ ಸೊಗಸಾಗಿ ಬರುತ್ತದೆ. ಅದನ್ನು ಕೀಳುವ ಕಾಲಕ್ಕೆಂದೇ ಕೆಲವು ಶಾಲೆಗಳು ರಜೆ ಕೊಡುತ್ತವೆ. ಆದರೆ ಬೆಳೆ ತೆಗೆಯಲು ಸಿಗುವುದು ಸುಮಾರು ನಾಲ್ಕೇ ತಿಂಗಳು. ಕ್ಯಾರಿಬೂ ಊರಲ್ಲಿ ವರ್ಷಕ್ಕೆ ಸರಾಸರಿ 100 ಇಂಚಿಗೂ ಜಾಸ್ತಿ ಹಿಮ ಬೀಳುತ್ತದೆ. ಬೆಳೆಯುವುದಕ್ಕಿಂತ ಕೆಡದಂತೆ ಇಡುವುದೇ ಕಷ್ಟ. ಹಳೇ ರೈತರು ಗುಡ್ಡದ ಬದಿ ಅಗೆದು, ಅರ್ಧ ನೆಲದೊಳಗೆ ಹುದುಗಿಸಿ ಆಲೂಗಡ್ಡೆ ಉಗ್ರಾಣ ಕಟ್ಟಿದ್ದು ಸುಮ್ನೆ ಅಲ್ಲ. ಸೌದೆಯೂ ಹಾಗೆ: ಈ ಚಳಿಗಾಲಕ್ಕೆ ಬೇಕಾದದ್ದನ್ನು ಹೋದ ವರ್ಷವೇ ಸೀಳಿ ಒಣಗಿಸಿರಬೇಕು.

ಇನ್ನು ಜಮೀನಿನ ತೆರಿಗೆ? ಅದನ್ನು ಆಲೂಗಡ್ಡೆ ಕೊಟ್ಟು ಕಟ್ಟೋಕಾಗಲ್ಲ, ಅಲ್ವಾ!