ಪರದೇಶಕ್ಕೆ ಹೋದವನು ಅವನು, ನಿದ್ದೆಗೆಟ್ಟವಳು ನಾನು

ನಿನ್ನೆ ರಾತ್ರಿ ಒಂದು ಗಂಟೆಗೆ ಫೋನು. ಯಾರಿಗೆ ಏನಾಯಿತೋ ಎಂದು ಎದೆ ಧಸಕ್ಕೆಂದಿತು. ಎತ್ತಿದರೆ ಕ್ಯಾಲಿಫೋರ್ನಿಯಾದ ತಮ್ಮ: “ಅಕ್ಕಾ, ಒಗ್ಗರಣೆ ಸೀದುಹೋಯಿತು, ಹೊಗೆಯ ಅಲಾರಂ ಕಿರುಚುತ್ತಿದೆ, ಏನು ಮಾಡಲಿ?” ಬಸವನಗುಡಿಯಲ್ಲಿ ಮಲಗಿರುವ ನಾನು ಏನು ಮಾಡಬೇಕು? ಇಲ್ಲಿಂದಲೇ ಟವೆಲ್ ಬೀಸಲೇ?

ಅಲ್ಲಿ ಆಗ ಮಟಮಟ ಮಧ್ಯಾಹ್ನ. ಈಗ 12½ ಗಂಟೆಯ ವ್ಯತ್ಯಾಸ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ 13½. ಹೊಸ ದೇಶಕ್ಕೆ ಹೊಂದಿಕೊಳ್ಳುತ್ತಿರುವುದು ಅವನಂತೆ! ಇಲ್ಲಿದ್ದಾಗ ಉಂಡ ತಟ್ಟೆ ಎತ್ತದ ಮಹಾನುಭಾವನಿಗೆ ಕುಕ್ಕರ್ ಎಷ್ಟು ಸಲ ಕೂಗಬೇಕು, ಹುಣಸೆಹಣ್ಣು ಎಷ್ಟು ನೆನೆಸಬೇಕು, ಬಿಳಿ ಅಂಗಿಗೆ ಹತ್ತಿದ ಅರಿಶಿನ ಹೇಗೆ ಹೋಗುತ್ತದೆ, ಎಲ್ಲವೂ ನಡುರಾತ್ರಿಯೇ ತಿಳಿಯಬೇಕು. ತಲಾ 23 ಕಿಲೋದ ಎರಡು ಪೆಟ್ಟಿಗೆ ತುಂಬ ಸಾರಿನ ಪುಡಿ, ಚಟ್ನಿಪುಡಿ ಹೊತ್ತುಕೊಂಡು ಹೋದದ್ದು ಸಾಲದೆ, ಈಗ ಗಾಂಧಿಬಜಾರಿನ ಕೋಡುಬಳೆಯೂ ಬೇಕಂತೆ. ಕೊರಿಯರ್‌ನವನು ಕೇಳುವ ದುಡ್ಡಿಗೆ ಆ ಕೋಡುಬಳೆಗೆ ಬೆಳ್ಳಿಯ ಕವಚ ತೊಡಿಸಬಹುದು.

ಗದರಿದರೆ ಅಮ್ಮನ ಮುಖ ಊದುತ್ತದೆ: “ಪಾಪ, ಒಂಟಿ ಮಗು.” ಮೂವತ್ತು ದಾಟಿದ ಮಗು! ನಮ್ಮ ಹಗಲು ಹೊತ್ತಿನಲ್ಲಿ ನಾನು ಫೋನ್ ಮಾಡಿದರೆ ಮಾತ್ರ ಆ ಮಗು ಎತ್ತುವುದಿಲ್ಲ, “ಮಲಗಿದ್ದೇನೆ, ಸಮಯ ನೋಡಬಾರದೇ?” ಎಂದು ಸಂದೇಶ ಕಳಿಸುತ್ತದೆ.