ಪಶುವೈದ್ಯರು ಸಹಿ ಹಾಕುವುದಕ್ಕಷ್ಟೇ ಸಾಕೇ?

ಪ್ರಾಣಿಗಳ ಮೇಲೆ ಪ್ರಯೋಗ ಬೇಕೇ ಬೇಡವೇ ಅಂತ ಇಲ್ಲಿ ಆಗಾಗ ಜಗಳ ಏಳುತ್ತದೆ. ಏಳಲಿ, ಬೇಕಾದ ಜಗಳವೇ. ಆದರೆ ಅದು ಇತ್ಯರ್ಥವಾಗುವ ತನಕ ಪಂಜರದಲ್ಲಿರುವ ಸುಂಡಿಲಿ, ಮೊಲ ಕಾಯುತ್ತ ಕೂರಲಾರವು. ಅವುಗಳ ಇವತ್ತಿನ ಪಾಡು ಬಹುಮಟ್ಟಿಗೆ ಪ್ರಯೋಗಾಲಯದ ಪ್ರಾಣಿಮನೆಯ ಪಶುವೈದ್ಯರ ಕೈಯಲ್ಲಿದೆ. ಅವರನ್ನು ಕೊನೆಯಲ್ಲಿ ಸಹಿಗೆ ಕರೆಯುವುದು ನಿಲ್ಲಬೇಕು, ಪ್ರಯೋಗದ ಯೋಜನೆ ಬರೆಯಲು ಕೂತ ಮೊದಲ ದಿನವೇ ಕರೆಯಬೇಕು. ಅವರು ನಿಲ್ಲಿಸಿ ಅಂದರೆ ಪ್ರಯೋಗ ನಿಲ್ಲಬೇಕು. ನನ್ನ ವಾದ ಇಷ್ಟೇ.

ಕಾನೂನಿಗೆ ಇದು ಹೊಸದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಸಾಕಷ್ಟು ಬಲದ ಅರಿವಳಿಕೆ ಕೊಡಬೇಕು ಅಂತಿದೆ. ಎಚ್ಚರವಾದರೆ ತೀವ್ರವಾಗಿ ನರಳುವಷ್ಟು ಗಾಯಗೊಂಡ ಪ್ರಾಣಿಯನ್ನು ಪ್ರಜ್ಞೆ ಬರುವ ಮುನ್ನವೇ ಕೊನೆಗೊಳಿಸಬೇಕು ಅಂತಲೂ ಇದೆ. ಪ್ರಯೋಗದ ಅರ್ಜಿ ಪರಿಶೀಲಿಸುವ, ಪ್ರತಿ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಪಶುವೈದ್ಯರಿಗೆ ಕುರ್ಚಿ ಕಡ್ಡಾಯ. ಕುರ್ಚಿ ಇದೆ, ಮಾತಿಗೆ ತೂಕ ಇದೆಯೇ ಅನ್ನುವುದು ಬೇರೆ ಪ್ರಶ್ನೆ.

ಹಸು ಎಮ್ಮೆಗಳಲ್ಲಿ ಪಳಗಿದ ಕೈಗೂ 25 ಗ್ರಾಂ ತೂಗುವ ಜೀವ ಬೇರೆಯೇ ಲೋಕ. ಅಮೆರಿಕದಲ್ಲಿ ಪ್ರಯೋಗಾಲಯದ ಪ್ರಾಣಿಗಳ ವೈದ್ಯಕೀಯಕ್ಕೆ 1957ರಿಂದಲೇ ಪ್ರತ್ಯೇಕ ತಜ್ಞ ಮಂಡಳಿ ಇದೆ. ಯಾಕೆ ಬೇಕು ಅನ್ನುವುದು ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಸುಂಡಿಲಿಗೆ ಅರಿವಳಿಕೆ ಕೊಡಲು ಕೆಜಿಗೆ 100 ಮಿಲಿಗ್ರಾಂ ಕೀಟಮಿನ್, 10 ಮಿಲಿಗ್ರಾಂ ಜೈಲಜಿನ್ ರೂಢಿಯ ಪ್ರಮಾಣ. ಮಿಲಿಗೆ 50 ಮಿಲಿಗ್ರಾಂ ಇರುವ ಸೀಸೆಯಿಂದ ನೇರ ಎಳೆದರೆ 25 ಗ್ರಾಂ ಇಲಿಗೆ ಬೇಕಾದ ಕೀಟಮಿನ್ 0.05 ಮಿಲಿ. ಅಷ್ಟನ್ನು ಸಿರಿಂಜಿನಲ್ಲಿ ನಿಖರವಾಗಿ ಅಳೆಯುವುದು ಕಷ್ಟ, ಸೂಜಿಯ ಬುಡದಲ್ಲಿ ಉಳಿಯುವ ಹನಿಯೇ ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ಆ ಕೀಟಮಿನ್ 2 ಮಿಲಿ, ಮಿಲಿಗೆ 20 ಮಿಲಿಗ್ರಾಂನ ಜೈಲಜಿನ್ ಅರ್ಧ ಮಿಲಿ, ಸ್ಟೆರೈಲ್ ಸಲೈನ್ ಏಳೂವರೆ ಮಿಲಿ ಬೆರೆಸಿಕೊಂಡು, 10 ಗ್ರಾಂ ತೂಕಕ್ಕೆ 0.1 ಮಿಲಿಯಂತೆ ಕೊಡಬೇಕು. ಪ್ರತಿ ಇಲಿಯನ್ನೂ ಆ ದಿನವೇ ತೂಗಿ. ಪಂಜರದ ಸರಾಸರಿ ತೂಕ ಹಿಡಿದು ಕೊಟ್ಟರೆ ಒಂದು ಸಾಯುತ್ತದೆ, ಇನ್ನೊಂದು ಚಾಕು ತಾಗಿದಾಗ ಕಾಲು ಎಳೆದುಕೊಳ್ಳುತ್ತದೆ.

ಹಿಂದಿನ ರಾತ್ರಿ ಉಪವಾಸ ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಇದೆ, ಮನುಷ್ಯರ ಆಪರೇಷನ್ ನೋಡಿ ಕಲಿತದ್ದಿರಬೇಕು. ಇಲಿಗಳಿಗೆ ವಾಂತಿಯೇ ಆಗದು. ಉಪವಾಸದಿಂದ ರಕ್ತದ ಸಕ್ಕರೆ ಇಳಿದು ಅಪಾಯ ಹೆಚ್ಚುತ್ತದೆ, ಅಷ್ಟೇ. ಅರಿವಳಿಕೆ ಕೊಟ್ಟಮೇಲೆ ಹಲವು ಸಾವುಗಳ ಮೂಲ ಚಳಿ. ಪುಟ್ಟ ದೇಹ ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಮೊದಲಿನಿಂದಲೇ ಅಡಿಗೆ ಸುಮಾರು 37 ಡಿಗ್ರಿಯ ಹೀಟಿಂಗ್ ಪ್ಯಾಡ್ ಬೇಕು, ಪೂರ್ತಿ ಎಚ್ಚರವಾಗುವ ತನಕ ತೆಗೆಯಬಾರದು. ಕೀಟಮಿನ್‌ನಲ್ಲಿ ಕಣ್ಣು ತೆರೆದೇ ಇರುವುದರಿಂದ ಮುಲಾಮು ಹಚ್ಚದಿದ್ದರೆ ಕಾರ್ನಿಯಾ ಒಣಗುತ್ತದೆ. ಎಚ್ಚರವಾಗುತ್ತಿರುವ ಇಲಿಯನ್ನು ಪುಡಿ ಹೊಟ್ಟಿನ ಮೇಲೆ ಮಲಗಿಸಿದರೆ ಮೂಗಿಗೆ ಮೆತ್ತಿಕೊಳ್ಳುತ್ತದೆ. ಟಿಶ್ಯೂ ಪೇಪರ್ ಹಾಸಿ ಮಲಗಿಸಿ.

ನನ್ನ ಮುಖ್ಯ ತಕರಾರು ಇರುವುದು ಆಪರೇಷನ್ ಮುಗಿದ ಮೇಲಿನ ರಾತ್ರಿಯ ಬಗ್ಗೆ. ಇಲಿ ಎದ್ದು ಓಡಾಡಿತು, ಸರಿಹೋಯಿತು ಅಂತ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಕೀಟಮಿನ್ ಇಳಿಯುತ್ತಿದ್ದಂತೆ ನೋವು ಏರುತ್ತದೆ. ಕೆಜಿಗೆ 0.05ರಿಂದ 0.1 ಮಿಲಿಗ್ರಾಂ ಬ್ಯುಪ್ರಿನಾರ್ಫಿನ್ ಅನ್ನುವ ನೋವಿನ ಔಷಧ ಚರ್ಮದಡಿ ಕೊಟ್ಟರೂ ಸಾಮಾನ್ಯ ತಯಾರಿಕೆಯ ಪರಿಣಾಮ ಸುಂಡಿಲಿಯಲ್ಲಿ ಆರೆಂಟು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಸಂಜೆ 5ಕ್ಕೆ ಕೊಟ್ಟದ್ದು ನಡುರಾತ್ರಿಯ ಹೊತ್ತಿಗೆ ಮುಗಿದಿರುತ್ತದೆ. ದಿನಕ್ಕೊಮ್ಮೆ ಕೆಜಿಗೆ 5 ಮಿಲಿಗ್ರಾಂ ಮೆಲಾಕ್ಸಿಕ್ಯಾಮ್ ಅನ್ನುವ ಇನ್ನೊಂದು ನೋವಿನ ಔಷಧ ಜೊತೆಗಿದ್ದರೆ ಮೇಲು, ಅದೂ ಕೊಯ್ಯುವ ಮೊದಲೇ ಶುರುವಾಗಬೇಕು.

"ನೋವಿನ ಔಷಧ ನಮ್ಮ ಡೇಟಾ ಕೆಡಿಸುತ್ತದೆ" ಅನ್ನುವ ಮಾತು ಇದೆಯಲ್ಲ, ನನಗೆ ಅತಿ ಸಿಟ್ಟು ಬರುವುದು ಅದಕ್ಕೇ. ನೋವು ಡೇಟಾ ಕೆಡಿಸುವುದಿಲ್ಲವೇ? ನೋವಿನಲ್ಲಿರುವ ಪ್ರಾಣಿಯಲ್ಲಿ ಕಾರ್ಟಿಕೋಸ್ಟೀರಾನ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ, ಆಹಾರ ಇಳಿಯುತ್ತದೆ, ರೋಗನಿರೋಧಕ ಕಣಗಳ ಲೆಕ್ಕ ಬದಲಾಗುತ್ತದೆ. ಔಷಧವಾದರೆ ಹೋಲಿಕೆಗೆ ಇಟ್ಟ ಕಂಟ್ರೋಲ್ ಗುಂಪಿಗೂ ಅಷ್ಟೇ ಕೊಟ್ಟು ಸರಿದೂಗಿಸಬಹುದು. ನೋವನ್ನು ಹಾಗೆ ಸಮನಾಗಿ ಹಂಚಲು ಬಾರದು.

ಇಲಿ ಬೇಟೆಗೆ ಸಿಗುವ ಪ್ರಾಣಿ, ನೋವು ಮುಚ್ಚಿಡುತ್ತದೆ. ಪಂಜರ ಮುಟ್ಟದೆ ಸುಮ್ಮನೆ ನಿಂತು ನೋಡಬೇಕು. ಅರೆಮುಚ್ಚಿದ ಕಣ್ಣು, ಉಬ್ಬಿದ ಮೂಗು ಕೆನ್ನೆ, ಹಿಂದಕ್ಕೆ ಸರಿದ ಕಿವಿ, ಸೆಟೆದ ಮೀಸೆ: ಮುಖ ನೋಡಿ ನೋವಿಗೆ ಅಂಕ ಕೊಡುವ ಈ ವಿಧಾನ 2010ರಲ್ಲಿ ಪ್ರಕಟವಾಯಿತು. ಕೊಟ್ಟ ಟಿಶ್ಯೂವನ್ನು ಹರಿದು ಗೂಡು ಕಟ್ಟಿದೆಯೇ ಅಂತ ಬೆಳಿಗ್ಗೆ ನೋಡಿ, ಪಂಜರ ಶುಚಿ ಮಾಡುವ ಸಿಬ್ಬಂದಿಗೂ ಕಲಿಸಬಹುದಾದ ಪರೀಕ್ಷೆ ಅದು. ಬಾಲ ಹಿಡಿದು ಎತ್ತುವುದನ್ನೂ ಬಿಡಬೇಕು. ಪ್ಲಾಸ್ಟಿಕ್ ಕೊಳವೆಯೊಳಗೆ ಹೊಗಿಸಿ ಎತ್ತಿದರೆ ಅವುಗಳ ಆತಂಕ ಕಡಿಮೆ ಅನ್ನುವುದೂ 2010ರಲ್ಲೇ ಸಾಬೀತಾಗಿದೆ. ಕೊಳವೆಗೆ ದೊಡ್ಡ ಖರ್ಚೇನೂ ಇಲ್ಲ. ಮೊಲದ ವಿಷಯದಲ್ಲಿ ಹಿಂಭಾಗಕ್ಕೆ ಕೈಯಾಸರೆ ಕೊಡದೆ ಎತ್ತಿದರೆ ಅದು ಒದೆಯುವ ರಭಸಕ್ಕೆ ಅದರದ್ದೇ ಬೆನ್ನುಮೂಳೆ ಮುರಿಯಬಹುದು.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಬರೆದಿಡಬೇಕು. ತೂಕ ಶೇ. 20 ಇಳಿದರೆ ಅಥವಾ ನೀರಿನ ಬಾಟಲಿ ತನಕ ಹೋಗಲಾಗದಿದ್ದರೆ ಅಲ್ಲಿಗೆ ಮುಗಿಯಿತು. "ಇನ್ನೆರಡು ದಿನ ಸಾರ್, ಡೇಟಾ ಪೂರ್ತಿಯಾಗುತ್ತೆ" ಅನ್ನುವ ಚೌಕಾಶಿಗೆ ಎಡೆಯಿರಬಾರದು.

ಕೀಟಮಿನ್, ಬ್ಯುಪ್ರಿನಾರ್ಫಿನ್ ಎರಡೂ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುವುದರಿಂದ ರಿಜಿಸ್ಟರು, ಬೀಗ, ಪರವಾನಗಿಯ ಗೋಳು ಇದ್ದದ್ದೇ. ಔಷಧ ಕೈಗೆ ಬರುವ ಮುಂಚೆ ಆಪರೇಷನ್ ದಿನಾಂಕ ಗೊತ್ತುಮಾಡದಿದ್ದರಾಯಿತು. ಸಮಿತಿಗೆ ಕೊಡುವ ಅರ್ಜಿಯಲ್ಲಿ ನೋವಿನ ಔಷಧದ ಹೆಸರು ಕೇಳುತ್ತಾರೆ. ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ರಾತ್ರಿ 11ರ ಸೂಜಿ, ಭಾನುವಾರದ ಸೂಜಿ ಕೊಡುವವರ ಹೆಸರು ಮತ್ತು ಫೋನ್ ನಂಬರ್. ಅದು ಖಾಲಿ ಬಿಟ್ಟಿದ್ದರೆ ಪಶುವೈದ್ಯರು ಅರ್ಜಿಯನ್ನು ಸಹಿ ಹಾಕದೆ ವಾಪಸ್ ಕಳಿಸಲಿ.