ಯಂತ್ರಕ್ಕೆ ನಮ್ಮ ಸ್ವರ ಪುಕ್ಕಟೆ ಕೊಡಬೇಕಾ?

ಪರ

ಮಾತು ಕೇಳಿ ಉತ್ತರ ಕೊಡುವ ಮೊಬೈಲಿನ ಹತ್ರ ಮಾತಾಡುವಾಗ ನಮ್ಮ ಅಮ್ಮನ ಕನ್ನಡವೇ ಬೇರೆ. ನನ್ನ ಹತ್ರ "ನಾಳೆ ಮಳೆ ಉಂಟಾ?" ಅಂತ ಕೇಳುವವರು ಅದರ ಹತ್ರ ಮಾತ್ರ ರೇಡಿಯೊ ವಾರ್ತೆಯ ಹಾಗೆ "ನಾಳೆ ಮಳೆ ಬರುತ್ತದೆಯೇ" ಅನ್ನುತ್ತಾರೆ. "ಉಂಟಾ" ಅಂದದ್ದನ್ನು ಅದು "ಊಟ" ಅಂತ ಬರೆದುಕೊಂಡ ದಿನದಿಂದ ಹೀಗೆ.

ಪಾಪ, ಅದು ಕೇಳಿದ್ದನ್ನು ತಾನೇ ಕಲಿಯುವುದು. ಉಡುಪಿಯ ಕನ್ನಡ ಅದರ ಕಿವಿಗೆ ಎಷ್ಟು ಬಿದ್ದಿದೆ? ಕಲಿಸಲಿಕ್ಕೆ ಸಾವಿರಾರು ಗಂಟೆಯ ಮಾತು ಬೇಕು, ಪ್ರತಿ ತುಣುಕಿಗೂ ಅದರ ಬರಹ ಬೇಕು. ದೊಡ್ಡ ಕಂಪನಿಗಳು ತಮ್ಮಲ್ಲಿರುವುದಕ್ಕೆ ಬೀಗ ಹಾಕಿವೆ. ಅದಕ್ಕೇ ಜನರ ಸ್ವರವನ್ನು ದಾನವಾಗಿ ಕೇಳಿ ಕೂಡಿಡುವ ಯೋಜನೆಗಳು ಶುರುವಾದದ್ದು: 2006ರಲ್ಲಿ ವಾಕ್ಸ್‌ಫೋರ್ಜ್, 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾದ ಕಾಮನ್ ವಾಯ್ಸ್, ಈಚೆಗೆ ಕೇಂದ್ರ ಸರ್ಕಾರದ ಭಾಷಾದಾನ. ಪರದೆಯ ಮೇಲೆ ಬಂದ ವಾಕ್ಯ ಓದಿ ಕಳಿಸುವುದು, ಬೇರೆಯವರು ಕೇಳಿ ಸರಿ-ತಪ್ಪು ಹೇಳುವುದು, ಇಷ್ಟೇ ಕೆಲಸ.

ರಾತ್ರಿ ಊಟ ಆದ ಮೇಲೆ ಫ್ಯಾನ್ ಆಫ್ ಮಾಡಿ ಕೂರುತ್ತೇನೆ. ಮೇ ತಿಂಗಳ ಸೆಕೆಯಲ್ಲಿ ಐದು ವಾಕ್ಯ ಓದುವಷ್ಟರಲ್ಲಿ ಬನಿಯನ್ ಚಂಡಿ. ಆಟಿ ತಿಂಗಳ ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆದು ನನ್ನ ಸ್ವರವೇ ಕೇಳುವುದಿಲ್ಲ. ಹಾಗಂತ ಸ್ವಲ್ಪ ಗಲಾಟೆ ಇದ್ದರೆ ಒಳ್ಳೆಯದೇ, ಮಲ್ಪೆ ಬಂದರಿನಲ್ಲಿ ಫೋನ್ ಹಿಡಿದವರು ಸ್ಟುಡಿಯೋದಲ್ಲಿ ನಿಂತಿರುವುದಿಲ್ಲವಲ್ಲ.

ಓದಲಿಕ್ಕೆ ಬರುವುದೆಲ್ಲ ಪುಸ್ತಕದ ಕನ್ನಡ ಅನ್ನುವ ದೂರು ನಿಜ. ಲೇಖಕರು ತೀರಿ 60 ವರ್ಷ ಆಗುವ ತನಕ ಕಾಪಿರೈಟ್ ಇರುವುದರಿಂದ ಈಗಿನ ಬರಹ ಎತ್ತಿಕೊಳ್ಳುವ ಹಾಗಿಲ್ಲ. ಆದರೆ ಕಾಮನ್ ವಾಯ್ಸ್‌ನಲ್ಲಿ ಸ್ವಂತ ವಾಕ್ಯ ಬರೆದುಕೊಡಬಹುದು. "ಬಂಗುಡೆಗೆ ಇವತ್ತು ಭಾರಿ ಕ್ರಯ ಉಂಟು" ಅಂತ ಬರೆಯುವವರು ನಾವಲ್ಲದೆ ಇನ್ಯಾರು? ಕುಂದಾಪುರದವರು ಹೋಗುವುದಕ್ಕೆ "ಹೋಪ್ದ್", ಬರುವುದಕ್ಕೆ "ಬಪ್ಪುದ್" ಅಂತ ಬರೆಯಲಿ.

ವಿರೋಧ

ಮಂಗಳೂರಿನಲ್ಲಿ ಅಂಗಡಿ ಉದ್ಘಾಟನೆ, ಜಾತ್ರೆ, ಕ್ರಿಕೆಟ್ ಟೂರ್ನಮೆಂಟಿಗೆ ಮೈಕಿನಲ್ಲಿ ಹೇಳಿ ಸಂಪಾದನೆ ಮಾಡುವವ ನಾನು. ಸ್ವರವೇ ನನ್ನ ಗದ್ದೆ.

ಗೆಳೆಯನ ಒತ್ತಾಯಕ್ಕೆ ಒಂದು ಸಂಜೆ ನಲವತ್ತು ವಾಕ್ಯ ಓದಿದೆ. "ಹೋಗುತ್ತಾನೆ" ಅಂತ ಇದ್ದದ್ದನ್ನು ಬಾಯಿಗೆ ಬಂದ ಹಾಗೆ "ಹೋಗ್ತಾನೆ" ಅಂದಿದ್ದೆ. ಕೂಡಲೇ ಅವನು "ಅದು ತಪ್ಪು, ಪುನಃ ಓದು" ಅಂದ. ನಮ್ಮ ಮಾತು ಬೇಕು ಅಂತ ಕರೆದು ನಮ್ಮ ಮಾತನ್ನೇ ತಿದ್ದುವುದಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ (ಐಐಎಸ್‌ಸಿ) ವಾಣಿ ಯೋಜನೆಯಲ್ಲಿ ಚಿತ್ರ ತೋರಿಸಿ ಅದರ ಬಗ್ಗೆ ಮಾತಾಡಿಸುತ್ತಾರಂತೆ. ಅದಾದರೂ ಮಾತು.

ಇನ್ನು ಷರತ್ತಿನ ವಿಷಯ. ವಾಕ್ಸ್‌ಫೋರ್ಜ್‌ನವರು ಜಿಪಿಎಲ್ ಎಂಬ ಪರವಾನಗಿ ಇಟ್ಟಿದ್ದರು: ತೆಗೆದುಕೊಂಡು, ಬದಲಿಸಿ ಹಂಚುವವನು ತನ್ನದನ್ನೂ ತೆರೆದೇ ಇಡಬೇಕು. ಕಾಮನ್ ವಾಯ್ಸ್‌ನದ್ದು ಸಿಸಿ ಝೀರೋ ಎಂಬ ಪರವಾನಗಿ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಮಾರಬಹುದು, ಹೆಸರೂ ಹೇಳಬೇಕಾಗಿಲ್ಲ. ಸ್ವರ ಯಾರದ್ದು ಅಂತ ಹುಡುಕಬಾರದು ಎಂಬ ಮಾತನ್ನು ಇಳಿಸಿಕೊಳ್ಳುವವರಿಂದ ತೆಗೆದುಕೊಳ್ಳುತ್ತಾರೆ, ಒಪ್ಪುವ. ಆದರೆ ನಾಳೆ ಬೇಡ ಅನ್ನಿಸಿ ನನ್ನ ಖಾತೆ ಅಳಿಸಿದರೂ, ಅಷ್ಟರಲ್ಲಿ ಇಳಿಸಿಕೊಂಡವರ ಕಂಪ್ಯೂಟರಿನಿಂದ ನನ್ನ ಸ್ವರ ವಾಪಸ್ ಬರುವುದಿಲ್ಲ. ಯಂತ್ರಕ್ಕೆ ಕೇಳಲಿಕ್ಕೆ ಕಲಿಸಲು ಕೊಟ್ಟದ್ದನ್ನು ಹೇಳಲಿಕ್ಕೆ ಕಲಿಸಲೂ ಬಳಸಬಹುದು.

ಮೊನ್ನೆ ಹಂಪನಕಟ್ಟೆಯಲ್ಲಿ ಒಂದು ಪ್ರಚಾರದ ರಿಕ್ಷಾ ಹೋಯಿತು. ಒಳಗೆ ಮನುಷ್ಯರ ಸ್ವರ ಅಲ್ಲ, ಯಂತ್ರದ್ದು. ಕದ್ರಿಯನ್ನು "ಕಾದ್ರಿ" ಅಂದದ್ದು ಕೇಳಿ ನಗು ಬಂತು. ಅದನ್ನು ಸರಿಮಾಡಿಸುವುದಾದರೆ ಗಂಟೆಗೆ ಇಂತಿಷ್ಟು ಅಂತ ಹೇಳಲಿ, ಬರುತ್ತೇನೆ. ಪುಕ್ಕಟೆಗೆ ನಾನು ಭಾವನ ಮಗಳ ಮದುವೆಯಲ್ಲೂ ಮೈಕ್ ಹಿಡಿದವನಲ್ಲ ಮಾರಾಯ್ರೆ.